ಯಂತ್ರದ ಅಂಕಿ, ಮ್ಯಾಗ್ರಿಯಲ್‌ನ ಪ್ರಶ್ನೆ

ಬ್ಯಾಕ್‌ಗ್ಯಾಮನ್‌ನಲ್ಲಿ ಪಳಗಬೇಕೆನ್ನುವವರು ಇಂದು ಹಿಡಿಯುವ ದಾರಿ ಹೆಚ್ಚುಕಡಿಮೆ ಒಂದೇ. ಆಡಿದ ಆಟವನ್ನು ಕಂಪ್ಯೂಟರ್ ತಂತ್ರಾಂಶಗಳಾದ ಎಕ್ಸ್‌ಟ್ರೀಮ್ ಗ್ಯಾಮನ್‌ಗೋ, ಉಚಿತವಾಗಿ ಸಿಗುವ ಗ್ನೂ ಬ್ಯಾಕ್‌ಗ್ಯಾಮನ್‌ಗೋ ಒಪ್ಪಿಸಿ, ಯಾವ ನಡೆ ಎಷ್ಟು ತಪ್ಪಿತೆಂದು ಅಂಕಿಯಲ್ಲಿ ತಿಳಿಯುವುದು. ಈ ಪದ್ಧತಿಯ ಹಿರಿಮೆ ಸಣ್ಣದಲ್ಲ. 24 ಮನೆ, ಒಬ್ಬೊಬ್ಬರಿಗೆ 15 ಕಾಯಿ, ಎರಡು ದಾಳ. ಗರ ಒಲಿದರೆ ಕೆಟ್ಟ ಆಟವೂ ಗೆಲ್ಲುತ್ತದೆಂದು ಪಗಡೆ, ಚೌಕಾಬಾರ ಆಡಿದವರಿಗೆ ಹೇಳಬೇಕಾಗಿಲ್ಲ. ಗೆದ್ದವನು ತನ್ನ ತಪ್ಪು ಹುಡುಕಲು ಹೋಗುವುದಿಲ್ಲ, ಸೋತವನು ದಾಳಕ್ಕೆ ಬಯ್ಯುತ್ತಾನೆ. ಅದೃಷ್ಟವನ್ನೂ ನಿರ್ಧಾರವನ್ನೂ ಬೇರೆ ಬೇರೆ ತೂಗಿ ತೋರಿಸುವ ಯಂತ್ರ ಇಬ್ಬರಿಗೂ ಬೇಕು.

ಆದರೆ ಆ ಅಂಕಿಯನ್ನು ಇಳಿಸುವುದೇ ಗುರಿಯಾದಾಗ ಕಲಿಕೆ ಸೊರಗುತ್ತದೆ. ಯಂತ್ರ ಸರಿಯಾದ ನಡೆ ಹೇಳುತ್ತದೆ, ಕಾರಣ ಹೇಳುವುದಿಲ್ಲ. ಮೊದಲ ನಾಲ್ಕಾರು ನಡೆ ದಾಟಿದ ಮೇಲೆ ಒಮ್ಮೆ ಕಂಡ ಸ್ಥಿತಿ ಮತ್ತೆ ಎದುರಾಗುವುದೇ ಅಪರೂಪ. ಬಾಯಿಪಾಠ ಅಲ್ಲಿಗೆ ಕೈಕೊಡುತ್ತದೆ.

ಪಾಲ್ ಮ್ಯಾಗ್ರಿಯಲ್ 1976ರಲ್ಲಿ ಹೊರತಂದ ‘ಬ್ಯಾಕ್‌ಗ್ಯಾಮನ್’ ಪುಸ್ತಕ ಇಂದಿಗೂ ಓದಿಸಿಕೊಳ್ಳುವುದು ಈ ಕಾರಣಕ್ಕೆ. ಸುರಕ್ಷಿತವಾಗಿ ಆಡಬೇಕೋ, ಧೈರ್ಯ ಮಾಡಬೇಕೋ ಎಂಬ ಗೊಂದಲವನ್ನು ಅವನು ಕೆಲವೇ ಪ್ರಶ್ನೆಗಳಾಗಿ ಬಿಡಿಸಿಟ್ಟ. ಎದುರಾಳಿಯ ಒಳಮನೆಗಳು ಎಷ್ಟು ಭದ್ರವಾಗಿವೆ? ಅಲ್ಲಿ ನನ್ನ ಜೋಡಿ ಕಾಯಿ ಊರಿಕೊಂಡಿದೆಯೇ? ಅವನ ಎಷ್ಟು ಕಾಯಿ ಹಿಂದೆ ಉಳಿದಿವೆ? ಹೊಡೆಸಿಕೊಂಡ ಕಾಯಿ ಎದುರಾಳಿಯ ಒಳಮನೆಯಿಂದಲೇ ಮತ್ತೆ ಹೊರಡಬೇಕು. ಅಲ್ಲಿ ಬಾಗಿಲುಗಳು ತೆರೆದಿದ್ದರೆ ಧೈರ್ಯ ಅಗ್ಗ, ಮುಚ್ಚಿದ್ದರೆ ದುಬಾರಿ.

ಆ ಕಾಲದ ಎಲ್ಲ ತಿಳಿವಳಿಕೆಯೂ ಉಳಿದಿಲ್ಲ, ನಿಜ. ಆರಂಭದಲ್ಲೇ 4–1 ಬಿತ್ತೆನ್ನಿ. ನಡುಗುಂಪಿನಿಂದ ಒಂದು ಕಾಯಿಯನ್ನು 9ನೇ ಮನೆಗೆ ಇಳಿಸಿ, ಇನ್ನೊಂದನ್ನು 6ರಿಂದ 5ಕ್ಕೆ ಒಂಟಿಯಾಗಿ ತಂದಿಡುವುದು ಆಗಿನ ಪರಿಣತರ ರೂಢಿ. 5ನೇ ಮನೆ ಅಷ್ಟು ಬೆಲೆಬಾಳುತ್ತಿತ್ತು. 90ರ ದಶಕದ ಆರಂಭದಲ್ಲಿ ಐಬಿಎಂನ ಜೆರಾಲ್ಡ್ ಟೆಸಾರೊ ರೂಪಿಸಿದ ಟಿಡಿ-ಗ್ಯಾಮನ್ ತಂತ್ರಾಂಶ ತನ್ನೊಂದಿಗೆ ತಾನೇ ಲಕ್ಷಾಂತರ ಆಟವಾಡಿ ಬೇರೆ ತೀರ್ಮಾನಕ್ಕೆ ಬಂತು: 4ರ ನಡೆ ಹಾಗೇ ಇರಲಿ, 1ಕ್ಕೆ ಹಿಂದಿನ ಜೋಡಿಯನ್ನು ಒಡೆದು ಒಂದು ಕಾಯಿಯನ್ನು 24ರಿಂದ 23ಕ್ಕೆ ಸರಿಸು. ಪರಿಣತರು ರೂಢಿ ಬಿಟ್ಟರು.

ಇದನ್ನು ಬಾಯಿಪಾಠ ಮಾಡಿದರೆ ಒಂದು ನಡೆ ಸಿಕ್ಕಿತು, ಅಷ್ಟೇ. ಮ್ಯಾಗ್ರಿಯಲ್‌ನ ಮೊದಲ ಪ್ರಶ್ನೆ ಕೇಳಿ ನೋಡಿ. ಎದುರಾಳಿಯ ಒಳಮನೆಯಲ್ಲಿ ಆಗ ಭದ್ರವಾಗಿರುವುದು ಒಂದೇ ಮನೆ. ಅಲ್ಲಿ ಹೊಡೆಸಿಕೊಂಡರೂ 23ರ ಕಾಯಿ ಕಳೆದುಕೊಳ್ಳುವುದು 2 ಹೆಜ್ಜೆ. 5ರಲ್ಲಿ ಇಟ್ಟ ಒಂಟಿ ಕಾಯಿ 36 ಗರಗಳಲ್ಲಿ 15ಕ್ಕೆ ಸಿಕ್ಕಿಬೀಳುತ್ತದೆ, ಹೋದರೆ 20 ಹೆಜ್ಜೆಯ ನಷ್ಟ. ಮ್ಯಾಗ್ರಿಯಲ್‌ನ ಪೀಳಿಗೆಯ ಉತ್ತರ ಹಳತಾಯಿತು, ಅದನ್ನು ತಿದ್ದುವ ಪ್ರಶ್ನೆ ಅವನ ಪುಸ್ತಕದಲ್ಲೇ ಇತ್ತು. ಈ ಆಟದ ಬಗ್ಗೆ ಇದಕ್ಕಿಂತ ದೊಡ್ಡ ಮೆಚ್ಚುಗೆಯನ್ನು ಬೇರೆ ಯಾವ ಪುಸ್ತಕಕ್ಕೂ ನಾನು ಕೊಡಲಾರೆ.

ಅಂಕಿಯ ಹಿಂದೆ ಬಿದ್ದವರು ಹೆಚ್ಚು ಕಡೆಗಣಿಸುವುದು ಡಬ್ಲಿಂಗ್ ಕ್ಯೂಬನ್ನು. 1920ರ ದಶಕದಲ್ಲಿ ನ್ಯೂಯಾರ್ಕ್‌ನಲ್ಲಿ ಆಟಕ್ಕೆ ಸೇರಿದ ಈ ಘನ ಪಣವನ್ನು ಇಮ್ಮಡಿ ಮಾಡುತ್ತದೆ. ಎದುರಿನವನು ಒಪ್ಪಬೇಕು, ಇಲ್ಲವೇ 1 ಅಂಕ ಕೊಟ್ಟು ಏಳಬೇಕು. ಹೀನಾಯವಾಗಿ ಸೋತು ಈ ಇಮ್ಮಡಿ ಪಣವೂ ಮತ್ತೆ ದುಪ್ಪಟ್ಟಾಗುವ ಭಯವಿಲ್ಲದ ಸ್ಥಿತಿಯಲ್ಲಿ, 100 ಆಟದಲ್ಲಿ 25 ಗೆಲ್ಲುವಂತಿದ್ದರೆ ಒಪ್ಪಿದವನಿಗೆ 50 ಅಂಕ ಬಂದು 150 ಹೋಗುತ್ತದೆ. ನಿಂತ ನಷ್ಟ 100, ಎದ್ದುಹೋದರೂ ಅಷ್ಟೇ. 30 ಗೆಲ್ಲುವಂತಿದ್ದರೆ ನಷ್ಟ 80ಕ್ಕೆ ಇಳಿಯುತ್ತದೆ. ಆದರೂ ಹೊಸಬರು ಹೆದರಿ ಏಳುತ್ತಾರೆ, 20 ಅಂಕ ಸುಮ್ಮನೆ ಬಿಟ್ಟುಕೊಡುತ್ತಾರೆ. ಯಂತ್ರ ತೆರೆಯುವ ಮೊದಲು, ನೂರರಲ್ಲಿ ಎಷ್ಟು ಗೆಲ್ಲುತ್ತೇನೆ, ಏಕೆ ಎಂದು ಒಂದು ಸಾಲು ಬರೆದಿಟ್ಟುಕೊಂಡವನಿಗೆ ಮಾತ್ರ ಪರದೆಯ ಅಂಕಿ ತನ್ನ ಯೋಚನೆ ಎಲ್ಲಿ ಜಾರಿತೆಂದು ತೋರಿಸಬಲ್ಲದು.