ಮೊಟ್ಟೆ ಒಡೆಯುವ ತಾರೀಖು

1943ರ ಬೇಸಿಗೆ. ಜರ್ಮನಿಯ ಬವೇರಿಯಾದಲ್ಲಿ ಐಶ್‌ಸ್ಟೆಟ್ ಎಂಬ ಊರು, ಅಲ್ಲೊಂದು ಯುದ್ಧಕೈದಿಗಳ ಶಿಬಿರ. ಕೈದಿಗಳಲ್ಲಿ ಒಂದು ಗುಂಪು ನೆಲದಡಿ ಸುರಂಗ ಕೊರೆಯುತ್ತಿತ್ತು. ಇನ್ನೊಂದು ಗುಂಪು ಪಾಳಿ ಹಾಕಿಕೊಂಡು ಹಕ್ಕಿಗೂಡು ಕಾಯುತ್ತಿತ್ತು. ಜೂನ್ ಮೊದಲ ವಾರ 65 ಮಂದಿ ಸುರಂಗದಿಂದ ಪಾರಾದರು. ಕೆಲವೇ ದಿನಗಳಲ್ಲಿ ಅಷ್ಟೂ ಮಂದಿ ಮತ್ತೆ ಸಿಕ್ಕಿಬಿದ್ದರು. ಗೂಡು ಕಾದವರ ಕೈಯಲ್ಲಿ ಏಪ್ರಿಲ್‌ನಿಂದ ಜೂನ್‌ವರೆಗಿನ ಸುಮಾರು 850 ಗಂಟೆಗಳ ಟಿಪ್ಪಣಿ ಉಳಿಯಿತು. ಅದೂ ಒಂದೇ ಒಂದು ಜೋಡಿಯದು.

ಪಾಳಿ ಹಂಚುತ್ತಿದ್ದವರು ಜಾನ್ ಬಕ್ಸ್‌ಟನ್, 1940ರಲ್ಲಿ ನಾರ್ವೆಯಲ್ಲಿ ಸೆರೆಸಿಕ್ಕ ಇಂಗ್ಲಿಷ್ ಕವಿ. ನೋಡಿದ ಹಕ್ಕಿ ರೆಡ್‌ಸ್ಟಾರ್ಟ್. ನಮ್ಮ ಮಡಿವಾಳ ಹಕ್ಕಿಯ ಬಳಗದ್ದೇ, ಗುಬ್ಬಚ್ಚಿ ಗಾತ್ರದ್ದು. ಗಂಡಿಗೆ ಬಿಳಿ ಹಣೆ, ಕಪ್ಪು ಗಂಟಲು, ಕಿತ್ತಳೆಗೆಂಪು ಎದೆ. ಕೂತಲ್ಲಿ ಸುಮ್ಮನಿರದು, ಕೆಂಪು ಬಾಲ ಸಣ್ಣಗೆ ನಡುಗುತ್ತಲೇ ಇರುತ್ತದೆ. ಯುರೋಪಿನಲ್ಲಿ ಅಪರೂಪದ್ದೇನೂ ಅಲ್ಲ. ಚಳಿಗಾಲಕ್ಕೆ ಸಹಾರಾ ದಾಟಿ ಆಫ್ರಿಕಾಕ್ಕೆ ಹೋಗುತ್ತದೆ, ವಸಂತಕ್ಕೆ ಮರಳುತ್ತದೆ. ಬಾಂಬು ಬೀಳುತ್ತಿದ್ದ ವರ್ಷಗಳಲ್ಲೂ ಮರಳಿತು.

ಹಕ್ಕಿಯೆಂದರೆ ಸ್ವಾತಂತ್ರ್ಯದ ಸಂಕೇತ ಎನ್ನುವವರು ಸಾಮಾನ್ಯವಾಗಿ ಹಕ್ಕಿ ನೋಡುವವರಲ್ಲ. ಗೂಡಿನ ಕಾಲದ ಗಂಡು ರೆಡ್‌ಸ್ಟಾರ್ಟ್ ತನ್ನ ಸರಹದ್ದು ಬಿಟ್ಟು ಕದಲುವುದು ಅಪರೂಪ. ಅದು ಹಾಡುವುದೂ ಬಹುಮಟ್ಟಿಗೆ ಆ ಸರಹದ್ದಿಗಾಗಿಯೇ. ಮುಳ್ಳುತಂತಿಯ ಒಳಗಿದ್ದವನಿಗೆ ಅದರಲ್ಲಿ ಬಿಡುಗಡೆಯ ಕನಸು ಕಂಡಿರಲಾರದು. ಕಂಡದ್ದು ಇನ್ನೂ ಸರಳವಾದ ಸಂಗತಿ. ಸಜೆಯಾದ ಕಳ್ಳನಿಗಾದರೂ ಹೊರಬೀಳುವ ದಿನ ಗೊತ್ತಿರುತ್ತದೆ, ಯುದ್ಧಕೈದಿಗೆ ಅದೂ ಇಲ್ಲ. ಆದರೆ ಹೆಣ್ಣು ಕಾವಿಗೆ ಕೂತಿತೆಂದರೆ ಹದಿಮೂರು ದಿನದ ಆಸುಪಾಸಿನಲ್ಲಿ ಮರಿ ಹೊರಬರಬೇಕು, ಅಲ್ಲಿಂದ ಎರಡು ವಾರಕ್ಕೆ ಮರಿ ಹಾರಬೇಕು. ತನ್ನ ತಾರೀಖು ತಿಳಿಯದವನಿಗೆ ಮೊಟ್ಟೆ ಒಡೆಯುವ ತಾರೀಖು ತಿಳಿದಿತ್ತು. ನಾಳೆ ಬೆಳಗಿನ ಪಾಳಿ ಯಾರದೆಂದು ಇಂದೇ ಗೊತ್ತುಮಾಡಬೇಕಿತ್ತು. ವಿಪತ್ತಿನ ನಡುವೆ ಭರವಸೆ ಎಂದು ನಾವು ದೊಡ್ಡ ದನಿಯಲ್ಲಿ ಹೇಳುವುದು ಬಹುಶಃ ಇಂಥ ಪಾಳಿಪಟ್ಟಿಯನ್ನೇ.

ಈ ಕಥೆಗೆ ಕನ್ನಡನಾಡಿನ ಕಡೆಗೂ ಒಂದು ಎಳೆಯಿದೆ. ಬಕ್ಸ್‌ಟನ್‌ಗೆ ನೆರವಾದವರು ಶತ್ರುದೇಶದವರೇ ಆದ ಎರ್ವಿನ್ ಸ್ಟ್ರೆಸೆಮನ್, ಬರ್ಲಿನ್ ಪ್ರಾಣಿಶಾಸ್ತ್ರ ಸಂಗ್ರಹಾಲಯದ ಪಕ್ಷಿ ವಿದ್ವಾಂಸರು. ಕೈದಿಗೆ ಪುಸ್ತಕ ಕಳಿಸಿದರು, ಹಕ್ಕಿಯ ಕಾಲಿಗೆ ತೊಡಿಸುವ ಉಂಗುರಗಳನ್ನೂ ಕಳಿಸಿದರು. ಅದಕ್ಕೂ ಹತ್ತು-ಹನ್ನೆರಡು ವರ್ಷ ಮೊದಲು ಇದೇ ಸ್ಟ್ರೆಸೆಮನ್ ಬಳಿ ಪಾಠ ಹೇಳಿಸಿಕೊಂಡು ಬಂದವರು ನಮ್ಮ ಪಕ್ಷಿತಜ್ಞ ಸಲೀಂ ಅಲಿ. ಅವರನ್ನೇ ತಮ್ಮ ಗುರುವೆಂದು ಕೊನೆಯವರೆಗೂ ನೆನೆದರು. ಬಕ್ಸ್‌ಟನ್ ಸೆರೆಯಾದ ಕಾಲದ ಆಸುಪಾಸಿನಲ್ಲಿ ಸಲೀಂ ಅಲಿ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆಯಲ್ಲಿ ತೊಡಗಿದ್ದರು. ಅವರ ಒತ್ತಾಸೆಯಿಂದ ರಂಗನತಿಟ್ಟು ಪಕ್ಷಿಧಾಮವಾದದ್ದು ಅದೇ 1940ರಲ್ಲಿ.

ರೆಡ್‌ಸ್ಟಾರ್ಟ್ ಬಗ್ಗೆ ಬಕ್ಸ್‌ಟನ್ ಬರೆದ ಪುಸ್ತಕ 1950ರಲ್ಲಿ ಹೊರಬಂತು. ಜತೆಯ ಕೈದಿಗಳಲ್ಲಿ ಜಾರ್ಜ್ ವಾಟರ್‌ಸ್ಟನ್ 1948ರಲ್ಲಿ ಸ್ಕಾಟ್ಲೆಂಡಿನ ಫೇರ್ ಐಲ್ ದ್ವೀಪವನ್ನೇ ಕೊಂಡು ಅಲ್ಲಿ ಪಕ್ಷಿ ವೀಕ್ಷಣಾಲಯ ಕಟ್ಟಿದರು. ಪೀಟರ್ ಕಾಂಡರ್ ಮುಂದೆ ಬ್ರಿಟನ್ನಿನ ಪ್ರಮುಖ ಪಕ್ಷಿ ಸಂರಕ್ಷಣಾ ಸಂಘದ ಚುಕ್ಕಾಣಿ ಹಿಡಿದರು.

ಕೊರೊನಾದಿಂದಾಗಿ 2020ರ ಮಾರ್ಚ್ 25ರಿಂದ ದೇಶವೆಲ್ಲ ಬಾಗಿಲು ಹಾಕಿಕೊಂಡಾಗ ನಮ್ಮಲ್ಲೂ ಎಷ್ಟೋ ಜನ ತಾರಸಿ ಹತ್ತಿ ಹಕ್ಕಿ ನೋಡಿದರು. ವೆನಿಸ್ ಕಾಲುವೆಗೆ ಡಾಲ್ಫಿನ್ ಬಂದಿದೆ ಎಂಬ ವಿಡಿಯೊ ಮೊಬೈಲಿಂದ ಮೊಬೈಲಿಗೆ ಹಾರಾಡಿದ್ದೂ ಆಗಲೇ. ಅದು ವೆನಿಸೇ ಅಲ್ಲ, ದೂರದ ಸಾರ್ಡೀನಿಯಾ. ಪ್ರಕೃತಿ ಚೇತರಿಸಿಕೊಂಡಿತೆಂದು ಅದನ್ನು ನೋಡಿ ಕಣ್ಣು ತುಂಬಿಕೊಂಡವರಿಗಿಂತ, ಬಟ್ಟೆ ಒಣಹಾಕುವ ಹಗ್ಗದ ತುದಿಗೆ ಸೂರಕ್ಕಿ ಗೂಡು ನೇಯ್ದಿತೆಂದು ವಾರಗಟ್ಟಲೆ ಅಲ್ಲಿ ಬಟ್ಟೆ ಹಾಕದೆ ಬಿಟ್ಟವರು ಬಕ್ಸ್‌ಟನ್‌ಗೆ ಹೆಚ್ಚು ಹತ್ತಿರದವರು.

ರೆಡ್‌ಸ್ಟಾರ್ಟ್‌ನ ದಾಯಾದಿ ಬ್ಲ್ಯಾಕ್ ರೆಡ್‌ಸ್ಟಾರ್ಟ್ ನಮಗೆ ಪರಿಚಿತ. ಮಳೆಗಾಲ ಮುಗಿದ ಮೇಲೆ ಬಯಲುಸೀಮೆಯ ಕಲ್ಲುಗುಡ್ಡ, ಉತ್ತ ಹೊಲಗಳಿಗೆ ಬಂದಿಳಿಯುತ್ತದೆ. ನೆಲದ ಹುಳು ಹೆಕ್ಕಿ ಕಲ್ಲಿನ ಮೇಲೆ ಕೂತು ಮೈ ಕುಲುಕುವ ಮಸಿಬಣ್ಣದ ಹಕ್ಕಿ ಕಂಡರೆ ಬಾಲದ ಕೆಂಪು ನೋಡಿ ಗುರುತಿಸಬಹುದು. ಬೇಸಿಗೆ ಕಳೆಯುವುದು ಹಿಮಾಲಯದಾಚೆಯ ಬಂಡೆಗಳ ನಡುವೆ. ಇದರ ಯುರೋಪಿನ ಬಂಧುಗಳು ಬ್ರಿಟನ್ನಿನಲ್ಲಿ ತೀರ ವಿರಳವಾಗಿದ್ದವು, 1940–41ರ ಬಾಂಬ್ ದಾಳಿ ಲಂಡನ್ನಿನ ನಡುಭಾಗವನ್ನು ಕೆಡವುವವರೆಗೆ. ಕುಸಿದ ಗೋಡೆಯ ಬಿರುಕುಗಳು ಹಕ್ಕಿಗೆ ಬಂಡೆಯ ಸಂದುಗಳಾದವು. ಇಟ್ಟಿಗೆ ರಾಶಿಯಲ್ಲಿ ಎದ್ದ ಕಳೆಗಿಡ, ಅದಕ್ಕೆ ಬಂದ ಹುಳು, ಹುಳುವಿಗೆ ಬಂದ ಹಕ್ಕಿ. ಮನೆ ಕಳೆದುಕೊಂಡವರ ಎದುರು ಇದನ್ನು ಶುಭಶಕುನವೆಂದು ಹೇಳುವ ಧೈರ್ಯ ಯಾರಿಗೂ ಬೇಡ. ಆದರೂ ಆ ಪಾಳುಗೋಡೆಗಳ ಮೇಲಿನ ಹಾಡು ಕೇಳಲು ನಿಂತವರು ಇದ್ದರು, ಲೆಕ್ಕ ಬರೆದಿಟ್ಟವರೂ ಇದ್ದರು.

ಊರು ಮತ್ತೆ ಎದ್ದು ನಿಂತಾಗ ಪಾಳು ಜಾಗ ಕರಗಿತು, ಹಕ್ಕಿಯೂ ಕಡಿಮೆಯಾಯಿತು. ಈಗ ಅದಕ್ಕೆ ಬ್ರಿಟನ್ನಿನ 1981ರ ವನ್ಯಜೀವಿ ಕಾಯ್ದೆಯ ವಿಶೇಷ ರಕ್ಷಣೆಯಿದೆ. ಹಾಗಾಗಿ ಲಂಡನ್ನಿನ ಕೆಲವು ಹೊಸ ಕಟ್ಟಡಗಳ ತಾರಸಿಗೆ, ಕೆಡವಿದ ಕಟ್ಟಡದ ಒಡಕು ಇಟ್ಟಿಗೆ, ಕಾಂಕ್ರೀಟು ಚೂರುಗಳನ್ನು ದುಡ್ಡು ಕೊಟ್ಟು ಹರಡಿಸುತ್ತಾರೆ; ಕಳೆ ಬೆಳೆದರೆ ಕೀಳಬೇಡಿ ಎನ್ನುತ್ತಾರೆ.