ಮಿನೋಲ್: ಹೊಗೆಯ ಹೊಣೆ ಯಾರದು?
ಸಮಾಜವಾದಿ ಪೂರ್ವ ಜರ್ಮನಿಯ ಸರ್ಕಾರಿ ಪೆಟ್ರೋಲ್ ಬಂಕುಗಳ ಹೆಸರು ಮಿನೋಲ್. ಅದರ ಚರಿತ್ರೆಯನ್ನು ಎರಡು ಬಗೆಯಲ್ಲಿ ಹೇಳುವುದು ರೂಢಿ. ಕೆಲವರು ಜಾಹೀರಾತಿನ ಹಕ್ಕಿ ಪಿರೋಲನ್ನು ಅಕ್ಕರೆಯಿಂದ ನೆನೆಯುತ್ತಾರೆ. ಉಳಿದವರು ಟ್ರಾಬಾಂಟ್ ಕಾರಿನ ನೀಲಿ ಹೊಗೆಯನ್ನು ತೋರಿಸಿ, ಏಕಸ್ವಾಮ್ಯದ ಫಲವೆನ್ನುತ್ತಾರೆ. ಎಂಜಿನ್ನನ್ನು ಇಬ್ಬರೂ ಮರೆಯುತ್ತಾರೆ.

ಟ್ರಾಬಾಂಟಿನದು ಎರಡು ಹೊಡೆತದ ಎಂಜಿನ್. ಅದರ ಬೇರಿಂಗುಗಳಿಗೆ ಪ್ರತ್ಯೇಕ ಎಣ್ಣೆ ಇಲ್ಲ; ಪೆಟ್ರೋಲಿನಲ್ಲಿ ಬೆರೆತ ಎಣ್ಣೆಯೇ ಗತಿ. ಅದು ಉರಿದು ಹೊಗೆಯಾಗುತ್ತದೆ. ನಮ್ಮಲ್ಲಿ ಜಾವಾ ಓಡಿಸಿದವರು ಇದನ್ನು ಬಲ್ಲರು. ಮೊದಲು 1:33 ಇದ್ದ ಮಿಶ್ರಣ 1970ರ ದಶಕದಲ್ಲಿ 1:50 ಆಯಿತು. ಎಂದರೆ ಎಣ್ಣೆ ಸುಮಾರು ಶೇ. 3ರಿಂದ ಶೇ. 2ಕ್ಕೆ ಇಳಿಯಿತು. ಆದರೆ ತಾಜಾ ಮಿಶ್ರಣದ ಒಂದು ಪಾಲು ಉರಿಯದೆಯೇ ನಿಷ್ಕಾಸ ರಂಧ್ರದಿಂದ ಹೊರಬೀಳುವುದು ತಪ್ಪಲಿಲ್ಲ. ಬಂಕು ಎಷ್ಟೇ ಶುದ್ಧ ಇಂಧನ ಕೊಟ್ಟರೂ ಈ ದೋಷ ನೀಗದು.

ಹಾಗೆಂದು ಸರ್ಕಾರ ನಿರ್ದೋಷಿಯಲ್ಲ. ಬಂಕು, ಕಾರ್ಖಾನೆ ಎರಡೂ ಅದರದೇ. ಆದರೂ ಟ್ರಾಬಾಂಟಿಗೆ ನಾಲ್ಕು ಹೊಡೆತದ ಎಂಜಿನ್ ಬಂದದ್ದು 1990ರಲ್ಲಿ. ಆರೋಪ ಸರಿ, ವಿಳಾಸ ತಪ್ಪು.

1990ರ ದಶಕದ ಆರಂಭದಲ್ಲಿ ಮಿನೋಲ್ ಫ್ರಾನ್ಸಿನ ಎಲ್ಫ್ ಕಂಪನಿಯ ಪಾಲಾಯಿತು. ಫಲಕ ಬದಲಾದ ಮಾತ್ರಕ್ಕೆ ಹಳೆಯ ಟ್ರಾಬಾಂಟಿನ ಹೊಗೆ ನಿಲ್ಲಲಿಲ್ಲ. ಕಾರಣ ಹುಡುಕುವಾಗ ಏನು ಬದಲಾಯಿತು, ಏನು ಬದಲಾಗಲಿಲ್ಲ ಎಂದು ಕೇಳುವುದನ್ನು ನಮ್ಮ ವಿದ್ಯಾರ್ಥಿಗಳು ಚರಿತ್ರೆಯಲ್ಲೂ ಕಲಿಯಬೇಕು.