ಪ್ಲುತದ ಸೊಗಸು

‘ಪ್ಲು’ ಎಂಬ ಸಂಸ್ಕೃತ ಧಾತುವನ್ನೊಮ್ಮೆ ಬಾಯಿಬಿಟ್ಟು ಹೇಳಿ ನೋಡಿ. ಮುಚ್ಚಿದ ತುಟಿ ತೆರೆಯುವಷ್ಟರಲ್ಲಿ ನಾಲಿಗೆ ಆಗಲೇ ಮೇಲಕ್ಕೆ ಚಿಮ್ಮಿರುತ್ತದೆ. ನೆಗೆಯುವುದು, ತೇಲುವುದು, ಈಜುವುದು, ಮೀಯುವುದು ಎಲ್ಲವೂ ಈ ಪುಟ್ಟ ಧಾತುವಿನ ಸಂಸಾರ. ಕೋತಿಯೂ ಪ್ಲವಂಗ, ಕಪ್ಪೆಯೂ ಪ್ಲವಂಗ. ನೀರಿನ ಮೇಲಿನ ತೆಪ್ಪ ಪ್ಲವ. ನಮ್ಮ ಪಂಚಾಂಗದಲ್ಲಿ ಇಬ್ಬರಿಗೂ ಒಂದೊಂದು ವರ್ಷ ಮೀಸಲು: 2021ರ ಯುಗಾದಿಗೆ ಪ್ಲವ ಸಂವತ್ಸರ ಬಂದಿತ್ತು, 2027ರದು ಪ್ಲವಂಗ.

ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಸ್ವರದ ಪ್ಲುತ. ಹ್ರಸ್ವಕ್ಕೆ ಒಂದು ಮಾತ್ರೆ, ದೀರ್ಘಕ್ಕೆ ಎರಡು, ಪ್ಲುತಕ್ಕೆ ಮೂರು. ಇವನ್ನು ತೋರಿಸಲು ಪಾಣಿನಿ ಆರಿಸಿಕೊಂಡದ್ದು ಉಕಾರವನ್ನು. ಅಕಾರವನ್ನು ಬಿಟ್ಟು ಇದೇ ಯಾಕೆ? ಕೋಳಿಯ ಕೂಗಿನಲ್ಲಿ ಮೂರೂ ಸಾಲಾಗಿ ಸಿಗುತ್ತವೆ ಎನ್ನುತ್ತಾರೆ ವ್ಯಾಖ್ಯಾನಕಾರರು! ಕು, ಕೂ, ಕೂಽಽ... ಆ ಮೂರನೆಯದನ್ನು ಕಿವಿಗೊಟ್ಟು ಕೇಳಬೇಕು. ದನಿ ಎರಡು ಮಾತ್ರೆಯ ಅಂಚಿಗೆ ಬಂದು, ನಿಲ್ಲದೆ, ಇನ್ನೊಂದು ಮಾತ್ರೆಯಷ್ಟು ಹೊತ್ತು ಸುಮ್ಮನೆ ಗಾಳಿಯಲ್ಲಿ ತೇಲುತ್ತದೆ. ದೂರದವರನ್ನು ಕರೆಯುವಾಗ ಪ್ಲುತ ಬರಬೇಕೆಂದು ಪಾಣಿನಿ ವಿಧಿಸಿದ. ಗದ್ದೆಯಾಚೆಯ ಮಗನನ್ನು ‘ರಂಗಾಽಽ’ ಎಂದು ಕೂಗುವ ಅವ್ವನಿಗೆ ಈ ಸೂತ್ರವನ್ನು ಯಾರೂ ಕಲಿಸಬೇಕಿಲ್ಲ.

ವ್ಯಾಕರಣದವರ ಇನ್ನೊಂದು ರಸಿಕತನ ಮಂಡೂಕಪ್ಲುತಿ. ಪಾಣಿನಿಯ ಅಷ್ಟಾಧ್ಯಾಯಿಯಲ್ಲಿ ಹಿಂದಿನ ಸೂತ್ರದ ಪದ ಮುಂದಿನದಕ್ಕೂ ಹರಿದು ಬರುತ್ತದೆ; ಅದು ಅನುವೃತ್ತಿ. ಆಡಿದ್ದನ್ನು ಮತ್ತೆ ಆಡದ ಮುದ್ದಾದ ಜಿಪುಣತನ. ಸಾಮಾನ್ಯವಾಗಿ ಅದು ಎಡೆಬಿಡದೆ ಸಾಗುತ್ತದೆ. ಒಮ್ಮೊಮ್ಮೆ ಮಾತ್ರ ನಡುವಿನ ಸೂತ್ರಗಳನ್ನು ಸೋಕದೆಯೇ ದಾಟಿ ಆಚೆಯ ಸೂತ್ರದಲ್ಲಿ ಥಟ್ಟನೆ ಪ್ರತ್ಯಕ್ಷ! ಬಿಗಿಮೊಗದ ಪಂಡಿತರು ಇಂಥ ಕಡೆ ನೆನೆದದ್ದು ಕಪ್ಪೆಯನ್ನು. ಶಾಸ್ತ್ರ ಓದುತ್ತ ನಗು ಬರುವ ಜಾಗಗಳಲ್ಲಿ ಇದೊಂದು.

ಇದೇ ಧಾತುವಿಗೆ ‘ವಿ’ ಸೇರಿದರೆ ವಿಪ್ಲವ: ಇದ್ದಕ್ಕಿದ್ದಂತೆ ಎಲ್ಲ ತಲೆಕೆಳಗಾಗುವುದು. ರಾಜಕೀಯದ ಸುದ್ದಿಯಲ್ಲಿ ಸವೆದು ಈಚೆಗೆ ಅದರ ಕಾವು ಆರಿದೆ. ‘ಉಪ’ ಸೇರಿದ ಉಪಪ್ಲವವೇ ನನಗೆ ಹೆಚ್ಚು ರುಚಿ. ಉತ್ಪಾತ ಎಂಬುದರ ಜೊತೆಗೆ ಗ್ರಹಣ ಎಂಬರ್ಥವೂ ಅದಕ್ಕುಂಟು. ಅಜ್ಞಾತವಾಸ ಮುಗಿಸಿದ ಪಾಂಡವರು ಬಿಡಾರ ಹೂಡಿದ್ದು ವಿರಾಟನ ಉಪಪ್ಲವ್ಯದಲ್ಲಿ. ಕೃಷ್ಣ ಸಂಧಿಗೆಂದು ಹಸ್ತಿನಾವತಿಗೆ ಹೊರಟದ್ದೂ ಅಲ್ಲಿಂದಲೇ. ಶಾಂತಿಯ ಮಾತಿಗೆ ಹೊರಡಿಸಲು ವ್ಯಾಸರಿಗೆ ಬೇರೆ ಊರೇ ಸಿಗಲಿಲ್ಲವೆ!